ಕೀಬೋರ್ಡ್ ಕೊಳ್ಳುವವರನ್ನು ಮೊದಲು ಏನು ಕೇಳಬೇಕು

ಸಂಗೀತ ವಾದ್ಯಗಳ ಅಂಗಡಿಯಲ್ಲಿ ಮಾರಾಟ ಹಾಗೂ ರಿಪೇರಿ ಎರಡನ್ನೂ ನೋಡಿಕೊಳ್ಳುವ ನಾನು ಗಿರಾಕಿಗಳಿಂದ ಅತಿ ಹೆಚ್ಚು ಕೇಳುವ ಪ್ರಶ್ನೆ ‘ಇದರಲ್ಲಿ ಎಷ್ಟು ಟೋನ್ ಇವೆ’, ಅಂದರೆ ಎಷ್ಟು ಬಗೆಯ ವಾದ್ಯದನಿಗಳಿವೆ ಎಂಬುದು. ಅದಕ್ಕೆ ಉತ್ತರ ಪೆಟ್ಟಿಗೆಯ ಮೇಲೆಯೇ ದಪ್ಪ ಅಕ್ಷರಗಳಲ್ಲಿ ಇರುತ್ತದೆಯಾದರೂ, ಮನೆಯಲ್ಲಿ ನುಡಿಸುವವರು ನೂರಾರು ಟೋನ್‌ಗಳ ಪೈಕಿ ಹತ್ತನ್ನು ಬಳಸಿದರೆ ಹೆಚ್ಚು. ಆದ್ದರಿಂದ ಬೆಲೆ ಹೇಳುವುದಕ್ಕೆ ಮೊದಲು, ನುಡಿಸುವವರು ಯಾರು, ಏನನ್ನು ಕಲಿಯುತ್ತಿದ್ದಾರೆ, ಎಲ್ಲಿ ನುಡಿಸುತ್ತಾರೆ ಎಂದು ವಿಚಾರಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಗೊಂದಲ ಹೆಚ್ಚಾಗಿ ಆಗುವುದು ಮಕ್ಕಳಿಗಾಗಿ ಕೊಳ್ಳುವಾಗ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಗ್ರೇಡ್ ಪರೀಕ್ಷೆಗಳಲ್ಲಿ ಪಿಯಾನೋಗೆ ಒಂದು ಪಠ್ಯಕ್ರಮವಿದ್ದರೆ ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಬೇರೆಯೇ ಪಠ್ಯಕ್ರಮವಿದೆ. ಎರಡನೆಯದಕ್ಕೆ, ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದ ಕೂಡಲೇ ಡ್ರಮ್, ಬಾಸ್ ಸೇರಿಸಿ ತಾನೇ ಹಿಮ್ಮೇಳ ಒದಗಿಸುವ 61 ಕೀಗಳ ಅರೇಂಜರ್ ಕೀಬೋರ್ಡ್ ಸರಿಹೊಂದುತ್ತದೆ. ಪಿಯಾನೋ ಕಲಿಯುವ ಮಗುವಿಗೆ ಬೇಕಾದದ್ದು ನಿಜವಾದ ಪಿಯಾನೋದ ಒಳಗಿನ ಸುತ್ತಿಗೆಗಳಂತೆ ಬೆರಳಿಗೆ ಭಾರ ಕೊಡುವ 88 ಕೀಗಳ ಡಿಜಿಟಲ್ ಪಿಯಾನೋ. ‘ಮೊದಲ ವರ್ಷ ಚಿಕ್ಕದೇ ಸಾಕು’ ಎಂದು ಮಾರುವವರು ಹೇಳುವುದುಂಟು. ನನ್ನ ಅಭಿಪ್ರಾಯದಲ್ಲಿ, ಆರಂಭದ ಪಾಠಗಳಿಗೆ ಕೀಗಳ ಸಂಖ್ಯೆ ಕಡಿಮೆಯಾದರೂ ನಡೆಯುತ್ತದೆ, ಭಾರವಿಲ್ಲದಿದ್ದರೆ ನಡೆಯುವುದಿಲ್ಲ. ಹಗುರವಾದ ಸ್ಪ್ರಿಂಗ್ ಕೀಗಳಿಗೆ ಒಗ್ಗಿಹೋದ ಬೆರಳುಗಳನ್ನು ಮತ್ತೆ ತಿದ್ದುವುದು ಮಗುವಿಗೂ ಗುರುವಿಗೂ ತ್ರಾಸದ ಕೆಲಸ.

ಬೆರಳು ಬೀಳುವ ಜೋರಿಗೆ ತಕ್ಕಂತೆ ದನಿ ಏರಿಳಿಯುವ, ‘ಟಚ್’ ಎಂದು ನಾವು ಕರೆಯುವ ಗುಣ ಎಲ್ಲಿಂದ ಬರುತ್ತದೆ ಎಂಬುದು ಕೀಬೋರ್ಡನ್ನು ಬಿಚ್ಚಿದಾಗ ಚೆನ್ನಾಗಿ ತಿಳಿಯುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಕೀಗಳ ಕೆಳಗೆ ಉದ್ದನೆಯ ರಬ್ಬರ್ ಪಟ್ಟಿಯಿದ್ದು, ಪ್ರತಿ ಕೀಗೂ ಒಳಮೈಯಲ್ಲಿ ಎರಡು ಕಾರ್ಬನ್ ಚುಕ್ಕೆಗಳಿರುತ್ತವೆ. ಕೀ ಒತ್ತಿದಾಗ ಒಂದು ಚುಕ್ಕೆ ತುಸು ಮೊದಲು, ಇನ್ನೊಂದು ತುಸು ತಡವಾಗಿ ಕೆಳಗಿನ ಸರ್ಕ್ಯೂಟ್ ಬೋರ್ಡಿಗೆ ತಾಗುತ್ತದೆ. ಆ ನಡುವಿನ ಸಮಯ ಕಡಿಮೆಯಾದಷ್ಟೂ ಬೆರಳು ಜೋರಾಗಿ ಬಿದ್ದಿದೆ ಎಂದು ಲೆಕ್ಕ ಹಾಕಿ, 1ರಿಂದ 127ರವರೆಗಿನ ಒಂದು ಸಂಖ್ಯೆಯಾಗಿ ಅದನ್ನು ದಾಖಲಿಸಲಾಗುತ್ತದೆ. ಧೂಳು ಕೂತು ಈ ಸಂಪರ್ಕ ಕೆಟ್ಟರೆ ಒಂದು ಕೀ ಮಾತ್ರ ಮೂಕವಾಗುತ್ತದೆ, ಇಲ್ಲವೇ ಮೆಲ್ಲಗೆ ಮುಟ್ಟಿದರೂ ಕಿರುಚುತ್ತದೆ. ಬೋರ್ಡ್ ಹೋಗಿದೆಯೆಂದು ಗಾಬರಿಯಿಂದ ತರುವ ಇಂಥ ಎಷ್ಟೋ ಕೀಬೋರ್ಡುಗಳು, ಪಟ್ಟಿಯನ್ನು ಎಬ್ಬಿಸಿ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದಷ್ಟಕ್ಕೇ ಸರಿಹೋಗುತ್ತವೆ. ಅತಿ ಅಗ್ಗದ ಮಾದರಿಗಳಲ್ಲಿ ಟಚ್ ಇರುವುದೇ ಇಲ್ಲ. ಹೇಗೆ ಒತ್ತಿದರೂ ಒಂದೇ ದನಿ. ಅಂಥದ್ದನ್ನು ಕಲಿಯುವವರಿಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಭಜನೆಗೆ, ಸುಗಮ ಸಂಗೀತಕ್ಕೆ ನುಡಿಸುವವರ ಅಗತ್ಯಗಳು ಬೇರೆ. ಹಾರ್ಮೋನಿಯಂ ರೂಢಿಯಿರುವ ಅವರು ಶ್ರುತಿಯನ್ನು ‘ಕಪ್ಪು ಒಂದು’, ‘ಬಿಳಿ ಐದು’ ಎಂದು ಹೇಳುತ್ತಾರೆ. ಗಾಯಕರು ಬದಲಾದಾಗ ಬೆರಳ ಸ್ಥಾನ ಬದಲಿಸದೆ ಶ್ರುತಿ ಬದಲಿಸಲು ಟ್ರಾನ್ಸ್‌ಪೋಸ್ ಗುಂಡಿ ಅವರ ಕೈಗೆ ಸುಲಭವಾಗಿ ಸಿಗಬೇಕು. ತಬಲಾ, ತಂಬೂರಿ ದನಿಗಳಿರುವ, ಭಾರತಕ್ಕೆಂದೇ ತಯಾರಾದ ಮಾದರಿಗಳನ್ನು ಯಮಹಾ, ಕ್ಯಾಸಿಯೋ ಎರಡೂ ಮಾರುತ್ತವೆ. ಕರ್ನಾಟಕ ಸಂಗೀತವನ್ನೇ ನುಡಿಸುವವರಾದರೆ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಪಿಚ್ ಬೆಂಡ್ ಚಕ್ರವಿದೆಯೇ ಎಂದು ನೋಡಲೇಬೇಕು, ಏಕೆಂದರೆ ಎರಡು ಕೀಗಳ ನಡುವಿನ ಸ್ವರಕ್ಕೆ ಹೋಗದೆ ಗಮಕವಿಲ್ಲ.

ಆರ್ಕೆಸ್ಟ್ರಾದವರು ಕೇಳುವುದು ಸಿಂಥಸೈಜರ್ ಅಥವಾ ವರ್ಕ್‌ಸ್ಟೇಷನ್. 1983ರ ಯಮಹಾ ಡಿಎಕ್ಸ್7 ದನಿಯನ್ನು ಎಫ್‌ಎಂ ವಿಧಾನದಿಂದ, ಅಂದರೆ ಒಂದು ತರಂಗದಿಂದ ಇನ್ನೊಂದರ ಆವರ್ತನವನ್ನು ಬದಲಿಸುತ್ತ, ಒಳಗೇ ಹುಟ್ಟಿಸುತ್ತಿತ್ತು. 1988ರ ಕೋರ್ಗ್ ಎಂ1 ಮೊದಲೇ ರೆಕಾರ್ಡ್ ಮಾಡಿಟ್ಟ ದನಿಗಳ ಜೊತೆಗೆ ಎಫೆಕ್ಟ್ಸ್, ನುಡಿಸಿದ್ದನ್ನು ದಾಖಲಿಸಿಡುವ ಸೀಕ್ವೆನ್ಸರ್ ಸೇರಿಸಿ ಇಡೀ ಹಾಡನ್ನು ಒಂದೇ ವಾದ್ಯದಲ್ಲಿ ಕಟ್ಟಲು ಅನುವು ಮಾಡಿತು. ಇವರಿಗೆ ನಾನು ಹೇಳಿಕೊಡುವುದಕ್ಕಿಂತ ಇವರಿಂದ ಕಲಿಯುವುದೇ ಹೆಚ್ಚು.

ಮಿಡಿ (ವಾದ್ಯಗಳು, ಕಂಪ್ಯೂಟರುಗಳು ಪರಸ್ಪರ ಸೂಚನೆ ಕಳಿಸುವ ವ್ಯವಸ್ಥೆ) ಕಂಟ್ರೋಲರ್ ಮಾರುವಾಗ ಮಾತ್ರ ಒಂದು ಮಾತನ್ನು ಎರಡು ಸಲ ಹೇಳುತ್ತೇನೆ: ಇದಕ್ಕೆ ಸ್ವಂತ ದನಿಯಿಲ್ಲ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ವ್ಯಾಪಾರ ಮೇಳದಲ್ಲಿ ಪ್ರಾಫೆಟ್-600 ಹಾಗೂ ರೋಲ್ಯಾಂಡ್ ಜುಪಿಟರ್-6 ಎಂಬ ಬೇರೆಬೇರೆ ಕಂಪನಿಗಳ ವಾದ್ಯಗಳನ್ನು ಮಿಡಿ ತಂತಿಯಿಂದ ಜೋಡಿಸಿ ತೋರಿಸಿದಾಗಲೂ, ಆ ತಂತಿಯಲ್ಲಿ ಹರಿದದ್ದು ಯಾವ ಕೀ, ಎಷ್ಟು ಜೋರು ಎಂಬಂಥ ಸೂಚನೆಗಳೇ ಹೊರತು ನಾದವಲ್ಲ. ಕಂಪ್ಯೂಟರ್ ಇಲ್ಲದವರು ಅಗ್ಗವೆಂದು ಕಂಟ್ರೋಲರ್ ಒಯ್ದು, ‘ಸೌಂಡೇ ಬರ್ತಿಲ್ಲ ಸರ್’ ಎಂದು ಮರುದಿನ ಫೋನ್ ಮಾಡುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ.

ಇನ್ನು ಅಡಾಪ್ಟರ್. ಯಮಹಾದ ಮನೆಬಳಕೆಯ ಹಲವು ಕೀಬೋರ್ಡುಗಳಿಗೆ 12 ವೋಲ್ಟ್ ಬೇಕು, ಪಿನ್ನಿನ ಒಳಭಾಗ ಪಾಸಿಟಿವ್. ಕ್ಯಾಸಿಯೋದ ಹಳೆಯ ಎಷ್ಟೋ ಮಾದರಿಗಳಿಗೆ 9 ವೋಲ್ಟ್, ಒಳಭಾಗ ನೆಗೆಟಿವ್. ಪಿನ್ ತೂರಿತೆಂದು ಒಂದರದನ್ನು ಇನ್ನೊಂದಕ್ಕೆ ಚುಚ್ಚಿ ಬೋರ್ಡ್ ಸುಟ್ಟುಕೊಂಡವರು ರಿಪೇರಿಗೆ ಬರುತ್ತಲೇ ಇರುತ್ತಾರೆ. ಅದಕ್ಕಾಗಿ, ಯಾವ ಕೀಬೋರ್ಡ್ ಮಾರಿದರೂ ಅದರ ಮಾದರಿಯ ಹೆಸರು ಬರೆದ ಚೀಟಿಯನ್ನು ಅಡಾಪ್ಟರಿಗೆ ಅಂಟಿಸಿದ ಮೇಲೆಯೇ ಬಿಲ್ ಹಾಕುತ್ತೇನೆ.