ಚಾನೆಲ್ ಬದಲಿಸುವ ಮೊದಲು ಆ ಕಡೆಯ ಡಿಶ್ ಹತ್ತಿರ ಹೋಗಿ

ಎರಡು ಕಟ್ಟಡಗಳ ನಡುವೆ ವೈರ್‌ಲೆಸ್ ಲಿಂಕ್ ಹಾಕಿ, ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಟೆರೇಸ್ ಮೇಲೆ ಒಂದು ಡಿಶ್, ಎರಡು ಕಿಲೋಮೀಟರ್ ಆಚೆ ಇನ್ನೊಂದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೊಂದು 5 ಗಿಗಾಹರ್ಟ್ಸ್ ಲಿಂಕ್ ನನ್ನನ್ನು ವಾರಗಟ್ಟಲೆ ಕಾಡಿತು. ಬೆಳಿಗ್ಗೆ ಸರಿಯಾಗಿರುತ್ತಿತ್ತು, ಹೊತ್ತು ಏರಿದ ಹಾಗೆ ಡ್ರಾಪ್ ಆಗುತ್ತಿತ್ತು.

ನಾನು ನಮ್ಮ ಕಡೆಯ ರೇಡಿಯೋದಲ್ಲಿ ಯಾವ ಚಾನೆಲ್ (ಸಿಗ್ನಲ್ ಹೋಗುವ ಆವರ್ತನದ ಒಂದು ತುಂಡು) ಎಷ್ಟು ಗದ್ದಲವಾಗಿದೆ ಎಂದು ಸ್ಕ್ಯಾನ್ ಮಾಡಿ, ಎಲ್ಲಕ್ಕಿಂತ ಖಾಲಿ ಕಂಡ ಚಾನೆಲ್‌ಗೆ ಬದಲಿಸಿದೆ. ಮಾರನೇ ದಿನ ಮತ್ತೆ ಅದೇ ಗೋಳು. ಇನ್ನೊಂದು ಚಾನೆಲ್, ಮತ್ತೊಂದು ಚಾನೆಲ್. ಕೊನೆಗೆ ಬೇಸತ್ತು, ರೇಡಿಯೋ ತಾನೇ ಚಾನೆಲ್ ಆರಿಸಿಕೊಳ್ಳಲಿ ಎಂದು 'ಆಟೋ'ಗೆ ಹಾಕಿಬಿಟ್ಟೆ. ಅದರಿಂದ ತೊಂದರೆ ಇನ್ನೂ ಜಾಸ್ತಿ ಆಯಿತು.

ಕಾರಣ ಇದೆ. 5 ಗಿಗಾಹರ್ಟ್ಸ್‌ನ ಹಲವು ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಅಂಥ ಚಾನೆಲ್‌ಗೆ ಹೋದ ರೇಡಿಯೋ ಕಡಿಮೆ ಎಂದರೂ 60 ಸೆಕೆಂಡ್ ಸುಮ್ನೆ ಕೇಳಿಸಿಕೊಂಡೇ ಕೆಲಸ ಶುರು ಮಾಡಬೇಕು. ರಾಡಾರ್ ಸದ್ದು ಸಿಕ್ಕರೆ 10 ಸೆಕೆಂಡ್ ಒಳಗೆ ಜಾಗ ಬಿಡಬೇಕು, 30 ನಿಮಿಷ ಆ ಕಡೆ ತಿರುಗಿ ನೋಡುವ ಹಾಗಿಲ್ಲ. ನಮ್ಮ ಲಿಂಕ್ ಪ್ರತಿ ಸಲ ಚಾನೆಲ್ ಬದಲಿಸಿದಾಗಲೂ ಒಂದು ನಿಮಿಷ ಸತ್ತಂತೆ ಇರುತ್ತಿತ್ತು. ಆ ಕಟ್ಟಡದಲ್ಲಿ ಫೋನ್ ಮಾತಾಡುತ್ತಿದ್ದವರಿಗೆ ಒಂದು ನಿಮಿಷ ಎಷ್ಟು ದೊಡ್ಡದು, ಅಲ್ವಾ?

ನಮ್ಮ ಹಿರಿಯ ಸಹೋದ್ಯೋಗಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಸ್ಕ್ಯಾನ್ ಎಲ್ಲಿ ಮಾಡಿದಿರಿ?"

"ಇಲ್ಲೇ ಸರ್, ನಮ್ಮ ಟೆರೇಸ್‌ನಲ್ಲಿ."

"ಆ ಕಡೆ ಏನು ಕೇಳಿಸ್ತಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಆ ಕಟ್ಟಡಕ್ಕೆ ಹೋದೆ. ನಮ್ಮ ಕಡೆ ನಾಯ್ಸ್, ಅಂದರೆ ಗದ್ದಲ, ಮೈನಸ್ 95 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ತೋರಿಸಿದ್ದ ಚಾನೆಲ್, ಅಲ್ಲಿ ಮೈನಸ್ 70 ತೋರಿಸಿತು. ನಮ್ಮ ಸಿಗ್ನಲ್ ಅಲ್ಲಿಗೆ ತಲುಪುತ್ತಿದ್ದದ್ದೇ ಮೈನಸ್ 62ರಲ್ಲಿ. ಬೇರೆ ಯಾರದೋ ಡಿಶ್ ಒಂದು ನೇರವಾಗಿ ಈ ಡಿಶ್‌ಗೆ ಮುಖ ಮಾಡಿ ನಿಂತಿತ್ತು. ಹಗಲು ಅವರ ಕೆಲಸ ಜೋರಾದಂತೆ ನಮ್ಮ ಲಿಂಕ್ ಬೀಳುತ್ತಿತ್ತು. ನಮ್ಮ ಟೆರೇಸ್‌ನಿಂದ ಅದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಗದ್ದಲದಿಂದ ತೊಂದರೆ ಆಗುವುದು ಕೇಳುವ ಕಿವಿಗೆ, ಮಾತಾಡುವ ಬಾಯಿಗಲ್ಲ. ಇಷ್ಟು ಸರಳ ವಿಷಯ ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ನಮ್ಮ ರೇಡಿಯೋದ ಆಟೋ ಕೂಡ ನನ್ನ ಹಾಗೆಯೇ ತನ್ನ ಕಿವಿಯನ್ನು ಮಾತ್ರ ನಂಬಿತ್ತು.

ಆಮೇಲೆ ಬ್ಲೂಟೂತ್ ಬಗ್ಗೆ ಓದಿದಾಗ ತುಂಬಾ ಖುಷಿಯಾಯಿತು. ಹಳೆಯ ಬಗೆಯ ಬ್ಲೂಟೂತ್ 2.4 ಗಿಗಾಹರ್ಟ್ಸ್‌ನಲ್ಲಿ 79 ಚಾನೆಲ್‌ಗಳ ಮೇಲೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಒಂದು ಚಾನೆಲ್‌ನಲ್ಲಿ ಗದ್ದಲ ಇದ್ದರೂ ಹಾಳಾಗುವುದು ಒಂದು ಚೂರು ಮಾತ್ರ. 2003ರ 1.2 ಆವೃತ್ತಿಯಿಂದ ಕೆಟ್ಟ ಚಾನೆಲ್‌ಗಳನ್ನು ಪಟ್ಟಿಯಿಂದ ಬಿಟ್ಟು ಜಿಗಿಯುವುದನ್ನೂ ಕಲಿತಿದೆ. ನನಗೆ ಇಷ್ಟವಾದದ್ದು ಇದು: ಆ ಪಟ್ಟಿ ಮಾಡುವ ಕಡೆಯ ಸಾಧನ, ಎದುರಿನ ಸಾಧನಕ್ಕೆ ಯಾವ ಚಾನೆಲ್ ಹೇಗೆ ಕೇಳಿಸುತ್ತಿದೆ ಎಂದು ವರದಿ ಕೇಳಬಹುದು. ನಾನು ಲ್ಯಾಪ್‌ಟಾಪ್ ಹೊತ್ತು ಮಾಡಿದ ಕೆಲಸವನ್ನು ಆ ಪುಟ್ಟ ಚಿಪ್ ಕೂತಲ್ಲೇ ಮಾಡುತ್ತದೆ.

ನಮ್ಮ ಲಿಂಕ್‌ಗೆ ಎರಡೂ ಕಡೆಯ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ನೋಡಿದೆವು. ಚಾನೆಲ್‌ನ ಅಗಲವನ್ನು 80 ಮೆಗಾಹರ್ಟ್ಸ್‌ನಿಂದ 40ಕ್ಕೆ ಇಳಿಸಿದೆವು. ವೇಗ ಕಡಿಮೆಯಾಯಿತು, ಆದರೆ ಕಿವಿಗೆ ಬೀಳುವ ನಾಯ್ಸ್ ಇಳಿಯಿತು, ಆರಿಸಿಕೊಳ್ಳಲು ಜಾಗವೂ ಸಿಕ್ಕಿತು. ಆಟೋ ತೆಗೆದು, ರಾಡಾರ್ ಇಲ್ಲದ ಒಂದು ಚಾನೆಲ್‌ನಲ್ಲಿ ಕೂರಿಸಿದೆವು. ನಮ್ಮ ಟೆರೇಸ್‌ನ ಪಟ್ಟಿಯಲ್ಲಿ ಅದು ಕೆಳಗಿನಿಂದ ಮೂರನೆಯದು. ನಾನೊಬ್ಬನೇ ಆಗಿದ್ದರೆ ಅದನ್ನು ಖಂಡಿತ ಮುಟ್ಟುತ್ತಿರಲಿಲ್ಲ.