ಮೈಕ್ ಒತ್ತಿದರೆ ಮಾಯವಾಗುತ್ತಿದ್ದ ಜಿಪಿಎಸ್

ನಾನು ಅಮೆರಿಕದಲ್ಲಿ ಸಣ್ಣ ವಿಮಾನಗಳ ರೇಡಿಯೋ ರಿಪೇರಿ ಮಾಡುತ್ತೇನೆ. ಒಂದು ಸೆಸ್ನಾ 172 ನನ್ನನ್ನು ಮೂರು ದಿನ ಕಾಡಿಸಿತ್ತು. ಅದರ ಯಜಮಾನರು ವಯಸ್ಸಾದವರು. ಕೈಯಲ್ಲಿ ಹಿಡಿಯುವ ಜಿಪಿಎಸ್ಸನ್ನು ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡು ಹಾರುತ್ತಾರೆ. ಹಾರುವಾಗ ಆಗಾಗ ಸ್ಯಾಟಲೈಟ್‌ಗಳೆಲ್ಲ ಹೋಗಿಬಿಡುತ್ತವೆ, ಸ್ವಲ್ಪ ಹೊತ್ತಿಗೆ ತಾವಾಗಿಯೇ ವಾಪಸ್ ಬರುತ್ತವೆ ಎಂಬುದು ಅವರ ದೂರು.

ನನ್ನ ಅನುಮಾನವೆಲ್ಲ ಜಿಪಿಎಸ್ ಮೇಲೆಯೇ ಇತ್ತು. ಬ್ಯಾಟರಿ ಬದಲಿಸಿದೆ, ಚಾರ್ಜರ್ ಕಿತ್ತು ನೋಡಿದೆ. ವಿಮಾನವನ್ನು ಹ್ಯಾಂಗರ್ ಹೊರಗೆ ನಿಲ್ಲಿಸಿ ಗಂಟೆಗಟ್ಟಲೆ ಕಾದರೂ ಪರದೆಯ ಮೇಲಿನ ಸಿಗ್ನಲ್ ಬಾರ್‌ಗಳಲ್ಲಿ ಒಂದು ಕೂಡ ಇಳಿಯಲಿಲ್ಲ. ಮೊದಲ ದಿನವೇ ಕೇಳಬೇಕಿದ್ದ ಮಾತನ್ನು ಮೂರನೇ ದಿನ ಕೇಳಿದೆ: "ಅದು ಹೋಗುವಾಗ ನೀವು ಏನು ಮಾಡ್ತಿರ್ತೀರಿ?"

"ಅಪ್ರೋಚ್ ಜೊತೆ ಮಾತಾಡ್ತಿರ್ತೀನಿ. 121.2ರಲ್ಲಿ." ಅಪ್ರೋಚ್ ಅಂದರೆ ಇಳಿಯಲು ಬರುವ ವಿಮಾನಗಳಿಗೆ ರೇಡಿಯೋದಲ್ಲಿ ದಾರಿ ಹೇಳುವ ಕಂಟ್ರೋಲರ್‌ಗಳು.

121.2 ಮೆಗಾಹರ್ಟ್ಸನ್ನು 13ರಿಂದ ಗುಣಿಸಿ, 1575.6 ಬರುತ್ತದೆ. ಜಿಪಿಎಸ್ ಕೇಳಿಸಿಕೊಳ್ಳುವುದು 1575.42ರಲ್ಲಿ. ಎಷ್ಟು ಹತ್ತಿರ ಅಲ್ವಾ? ಯಾವ ರೇಡಿಯೋ ಕಳಿಸುವಾಗಲೂ ಅದರ ಅಲೆಯ ಜೊತೆ ಎರಡು ಪಟ್ಟು, ಮೂರು ಪಟ್ಟಿನ ಚೂರುಗಳೂ ಹೊರಡುತ್ತವೆ. ಹದಿಮೂರನೆಯದು ತೀರಾ ಸಣ್ಣದು, ನಿಜ. ಆದರೆ ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಜಿಪಿಎಸ್ ಸಿಗ್ನಲ್ ಅದಕ್ಕಿಂತಲೂ ಬಡಪಾಯಿ. 121.150, 121.175 ಕೂಡ ಇದೇ ಕಾಟ ಕೊಡುತ್ತವೆ. 131.250, 131.275, 131.300 ಆದರೆ 12ರಿಂದ ಗುಣಿಸಿ ನೋಡಿ.

ಬಳಕೆಯಲ್ಲಿರುವ ಫ್ರೀಕ್ವೆನ್ಸಿಯಲ್ಲಿ ಸುಮ್ನೆ ಮೈಕ್ ಒತ್ತುವಂತಿಲ್ಲ. ಯಾರೋ ಇಳಿಯುತ್ತಿರುತ್ತಾರೆ. ಅಪ್ರೋಚ್‌ನವರಿಗೆ ಫೋನ್ ಮಾಡಿ ಕೇಳಿದೆವು, ಓಡಾಟ ಕಡಿಮೆ ಇರುವ ಹೊತ್ತಿಗೆ ಒಪ್ಪಿದರು. ಅರ್ಧ ನಿಮಿಷ ಮೈಕ್ ಒತ್ತಿ ಹಿಡಿದೆ. ಬಾರ್‌ಗಳು ಒಂದೊಂದಾಗಿ ನೆಲಕಚ್ಚಿದವು. ಬೇರೆ ಫ್ರೀಕ್ವೆನ್ಸಿಗೆ ಹೋದರೆ ಏನೂ ಆಗಲಿಲ್ಲ.

ರೇಡಿಯೋ ಮತ್ತು ಅದರ ಆಂಟೆನಾ ನಡುವೆ ಫಿಲ್ಟರ್ ಹಾಕಿದರೆ ಮುಗಿಯಿತು ಅಂದುಕೊಂಡೆ. ಹಾಕಿದೆ. ಬಾರ್‌ಗಳು ಮತ್ತೆ ಬಿದ್ದವು.

ಉಳಿದದ್ದು ಇಎಲ್‌ಟಿ, ಅಂದರೆ ಎಮರ್ಜೆನ್ಸಿ ಲೊಕೇಟರ್ ಟ್ರಾನ್ಸ್‌ಮಿಟರ್. ವಿಮಾನ ಬಿದ್ದಾಗ ಮಾತ್ರ ಕೂಗಿಕೊಳ್ಳಬೇಕಾದ ಪೆಟ್ಟಿಗೆ ಅದು, ಮಿಕ್ಕ ಹೊತ್ತೆಲ್ಲ ಬಾಲದ ಕಡೆ ತೆಪ್ಪಗೆ ಬಿದ್ದಿರುತ್ತದೆ. ಅದರ ಆಂಟೆನಾ ಕೇಬಲ್ ಬಿಚ್ಚಿ ಮತ್ತೆ ಮೈಕ್ ಒತ್ತಿದೆ. ಒಂದು ಬಾರ್ ಕೂಡ ಅಲುಗಲಿಲ್ಲ! ಮಾತಾಡುವ ರೇಡಿಯೋದ ಅಲೆ ಇಎಲ್‌ಟಿಯ ಆಂಟೆನಾದಿಂದ ಒಳಗೆ ಇಳಿಯುತ್ತಿತ್ತು. ಒಳಗಿನ ಟ್ರಾನ್ಸಿಸ್ಟರ್ ಆ ಅಲೆಯನ್ನು ಮುರಿದು, ಹದಿಮೂರು ಪಟ್ಟಿನ ಚೂರನ್ನು ಅದೇ ಆಂಟೆನಾದಿಂದ ಹೊರಗೆ ಎಸೆಯುತ್ತಿತ್ತು. ಇಎಲ್‌ಟಿ ಆನ್ ಆಗಿರಬೇಕೆಂದೇ ಇಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನನ್ನ ತಲೆಗೆ ಇದು ಹೊಳೆದಿರಲಿಲ್ಲ.

ಕೇಬಲ್ ಬಿಚ್ಚಿ ಹಾಗೇ ಹಾರುವುದು ಪರಿಹಾರವಲ್ಲ, ಆ ಪೆಟ್ಟಿಗೆ ಜೀವ ಉಳಿಸುವಂಥದ್ದು. ಆ ಇಎಲ್‌ಟಿಗೆ ಒಪ್ಪಿಗೆ ಪಡೆದ, 1575ರ ಆಸುಪಾಸನ್ನು ತಡೆಯುವ ಫಿಲ್ಟರ್ ತರಿಸಿ ಅದರ ಕೇಬಲ್‌ನಲ್ಲೇ ಕೂರಿಸಿದೆ. ಇಎಲ್‌ಟಿಯನ್ನು ಮತ್ತೆ ಪರೀಕ್ಷಿಸಿ, ಲಾಗ್‌ಬುಕ್‌ನಲ್ಲಿ ಬರೆದೆ.

ಆಮೇಲೆ ಯಜಮಾನರ ಪಕ್ಕದಲ್ಲಿ ಕೂತು ಒಂದು ಸುತ್ತು ಹಾರಿ ಬಂದೆ. ಅವರು 121.2ರಲ್ಲಿ ಮಾತಾಡುತ್ತಿದ್ದರು, ನಾನು ಬಾರ್‌ಗಳನ್ನೇ ನೋಡುತ್ತಿದ್ದೆ. ಇಳಿಯುವವರೆಗೂ ಒಂದೂ ಹೋಗಲಿಲ್ಲ.