ಚಾರ್ಮಾಡಿ ಏರಿನಲ್ಲಿ ಕೇಳಿಸಿದ ಸದ್ದು

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಹಳೆಯ ಕಾರುಗಳನ್ನು ನೋಡದೆ ಬರಬಾರದು. ನನ್ನ ದೊಡ್ಡಪ್ಪ ಅವನ್ನು ನೋಡಿದ ರೀತಿಯೇ ಬೇರೆ. ‘ಇವೆಲ್ಲ ನಿಂತಿವೆ, ನಂದು ಓಡುತ್ತೆ’ ಎಂಬ ಜಂಬ ಮುಖದ ಮೇಲೇ ಇತ್ತು. ಹೊರಗೆ ಬಿಸಿಲಲ್ಲಿ ನಿಂತಿದ್ದುದು ಅವರ ಪ್ರೀಮಿಯರ್ ಪದ್ಮಿನಿ, 1983ರದ್ದು. 1089 ಸಿಸಿಯ ಎಂಜಿನ್, ಸ್ಟೀರಿಂಗ್ ಕಂಬಕ್ಕೇ ಜೋಡಿಸಿದ ಗೇರು, ಅಡುಗೆಮನೆ ಕಿಟಕಿಯಷ್ಟು ನೆಟ್ಟಗಿನ ಗಾಜು.

ಹಾಸನದಿಂದ ಬರುವಾಗ ಶಿರಾಡಿ ಇಳಿದಿದ್ದೆವು. ವಾಪಸು ಚಾರ್ಮಾಡಿ ಹತ್ತೋಣ ಎಂದವರು ದೊಡ್ಡಪ್ಪನೇ. ಉಜಿರೆಯಲ್ಲಿ ಪೆಟ್ರೋಲ್ ಹಾಕಿಸಿ, ಘಾಟಿಯ ಅಣ್ಣಪ್ಪಸ್ವಾಮಿ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕಾಣಿಕೆ ಹಾಕಿದೆವು. ಆ ದಾರಿಯ ಚಾಲಕರು ತಪ್ಪಿಸುವ ಪದ್ಧತಿಯಲ್ಲ ಅದು.

ಮೊದಲ ಕೆಲವು ತಿರುವುಗಳಲ್ಲೇ ಶುರುವಾಯಿತು. ಚಟ್ ಚಟ್ ಚಟ್. ಎಡಕ್ಕೆ ಬಂಡೆಯ ಗೋಡೆ ಬಂದಾಗ ಸದ್ದು ಗೋಡೆಗೆ ಬಡಿದು ಕಿಟಕಿಯೊಳಗೇ ಬರುತ್ತಿತ್ತು. ಕಣಿವೆ ತೆರೆದುಕೊಂಡ ಕಡೆ ಕಾಡು ಅದನ್ನು ನುಂಗುತ್ತಿತ್ತು. ಆಕ್ಸಲರೇಟರ್ ಒತ್ತಿದರೆ ಜೋರು, ಬಿಟ್ಟರೆ ಇಲ್ಲ. ಬರುವಾಗ ಇಳಿಜಾರಿನಲ್ಲಿ ಎಂಜಿನ್ನಿಗೆ ಕೆಲಸವೇ ಇರಲಿಲ್ಲವಲ್ಲ, ಸದ್ದು ಅಲ್ಲೇ ಅಡಗಿ ಕೂತಿತ್ತೋ ಏನೋ.

“ಪಿಂಗ್ ಆಗ್ತಿದೆ ಕಣೋ,” ಅಂದರು ದೊಡ್ಡಪ್ಪ. ಏರಿನಲ್ಲಿ ಮೇಲಿನ ಗೇರಿನಲ್ಲೇ ಒದ್ದಾಡಿಸಿದರೆ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದು ಕಣಕಣ ಎನ್ನುತ್ತದೆ. ಎರಡನೇ ಗೇರಿಗೆ ಇಳಿಸಿದರು. ಪಿಂಗ್ ಆಗಿದ್ದರೆ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಎಂಜಿನ್ನಿನ ವೇಗಕ್ಕೆ ತಕ್ಕಂತೆ ತಾನೂ ಚುರುಕಾಯಿತು.

ರಸ್ತೆ ಅಗಲವಾದ ಒಂದು ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆವು. ಮಂಜು ಕೆಳಗಿನಿಂದ ಹತ್ತಿ ಬರುತ್ತಿತ್ತು, ಮಂಗಗಳು ತಡೆಗೋಡೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದವು. ದೊಡ್ಡಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುದಿಯನ್ನು ವಾಲ್ವ್ ತೆರೆಯುವ ಟಪೆಟ್‌ಗಳ ಮುಚ್ಚಳಕ್ಕೆ, ವಾಟರ್ ಪಂಪಿಗೆ, ಪೆಟ್ರೋಲ್ ಪಂಪಿಗೆ ಊರಿ ಆಲಿಸಿದರು. ಎಲ್ಲ ಕಡೆ ಅದೇ ಚಟ್ ಚಟ್, ಎಲ್ಲೂ ಹೆಚ್ಚಲ್ಲ, ಕಮ್ಮಿಯಲ್ಲ. ಫ್ಯಾನ್ ಬೆಲ್ಟ್ ಬಿಚ್ಚಿ ಒಂದು ನಿಮಿಷ ಓಡಿಸಿದರೂ ಸದ್ದು ಹೋಗಲಿಲ್ಲ. ಅಲ್ಲಿಗೆ ಡೈನಮೊ, ವಾಟರ್ ಪಂಪ್ ಎರಡೂ ಲೆಕ್ಕದಿಂದ ಹೊರಗೆ.

ಆಮೇಲೆ ರಬ್ಬರ್ ಕೈಗವಸು ಹಾಕಿಕೊಂಡು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿದರು. ಒಂದನೆಯದು, ಎರಡನೆಯದು ಕಿತ್ತಾಗ ಎಂಜಿನ್ ತೂರಾಡಿತು, ಸದ್ದು ಹಾಗೇ ಇತ್ತು. ಮೂರನೆಯದು ಕಿತ್ತಾಗ ಸದ್ದು ಮುಕ್ಕಾಲು ಪಾಲು ಸತ್ತುಹೋಯಿತು.

ದೊಡ್ಡಪ್ಪ ಬಾನೆಟ್ ಹಾಕಿ ಒಳಗೆ ಕೂತರು. “ಬಿಗ್ ಎಂಡ್ ಬೇರಿಂಗ್ ಹೋಗಿದೆ.”

ಪಿಸ್ಟನ್ನಿನ ದಂಡ ಎಂಜಿನ್ನಿನ ತಿರುಗುವ ಅಚ್ಚಿಗೆ, ಅಂದರೆ ಕ್ರ್ಯಾಂಕಿಗೆ, ಸೇರುವಲ್ಲಿರುವ ಬೇರಿಂಗ್ ಅದು. ಆ ಲೆಕ್ಕಕ್ಕೆ ಆಧಾರವಿದೆ. ಬೇರಿಂಗ್ ಸವೆದ ಸಿಲಿಂಡರಿನ ಕಿಡಿ ತಪ್ಪಿಸಿದರೆ ಪಿಸ್ಟನ್ ಮೇಲಿನ ಹೊಡೆತ ತಗ್ಗಿ ಸದ್ದು ಇಳಿಯುತ್ತದೆ. ಮೆಕ್ಯಾನಿಕ್‌ಗಳ ಹಳೆಯ ಪರೀಕ್ಷೆ ಇದು. ಆದರೆ ಬೇರಿಂಗಿನದು ದಪ್ಪ ದನಿ, ಆಳದಿಂದ ಗುದ್ದಿದಂತೆ. ನಮ್ಮದು ತೆಳು. ಆಯಿಲ್ ಮಟ್ಟ ಸರಿಯಿತ್ತು, ಎಂಜಿನ್ ಕಾದಿದ್ದರೂ ಆಯಿಲ್ ಪ್ರೆಶರಿನ ಕೆಂಪು ದೀಪ ಒಮ್ಮೆಯೂ ಮಿನುಗಿರಲಿಲ್ಲ. ಹೇಳಿ ನೋಡಿದೆ. ಎಂಜಿನ್ ಬಿಚ್ಚಿಸುವ ಖರ್ಚನ್ನು ಆಗಲೇ ಕೂಡಿಸುತ್ತಿದ್ದವರಿಗೆ ಅದು ಕೇಳಿಸಲಿಲ್ಲ.

ನಿಧಾನಕ್ಕೆ ಹತ್ತಿಸಿದೆವು. ದಾರಿಯುದ್ದಕ್ಕೂ ದೊಡ್ಡಪ್ಪ ವಿಶ್ವೇಶ್ವರಯ್ಯನವರ ಮಾತೆತ್ತಿದರು. ಚಿಂತೆಯಾದಾಗ ಅವರು ಇತಿಹಾಸ ಹೇಳುತ್ತಾರೆ. 1930ರ ದಶಕದಲ್ಲೇ ಸರ್ ಎಂ.ವಿ. ದೇಶಕ್ಕೊಂದು ಕಾರು ಕಾರ್ಖಾನೆ ಬೇಕೆಂದು ಯೋಜನೆ ಹಾಕಿದ್ದರು, ಜೊತೆಗೆ ನಿಂತವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಕಾರ್ಖಾನೆ ಮುಂಬಯಿಯ ಕುರ್ಲಾದಲ್ಲಾಯಿತು. “ಬೆಂಗಳೂರಲ್ಲಿ ಆಗಬೇಕಿತ್ತು ಕಣೋ” ಎಂಬ ಅವರ ಕೊರಗು ನನಗೆ ಬಾಯಿಪಾಠ.

ಕೊಟ್ಟಿಗೆಹಾರ ನೀರುದೋಸೆಗೆ ಹೆಸರಾದ ಊರು. ಆ ದಿನ ದೋಸೆಗಿಂತ ಮೊದಲು ಮೆಕ್ಯಾನಿಕ್ ಬೇಕಿತ್ತು. ರಸ್ತೆ ಬದಿಯ ಶೆಡ್ಡಿನಲ್ಲಿ ಜೀಪೊಂದರ ಅಡಿಯಿಂದ ಹೊರಬಂದ ನಡುವಯಸ್ಸಿನ ಮನುಷ್ಯ ದೊಡ್ಡಪ್ಪನ ವರದಿಯನ್ನು ಪೂರ್ತಿ ಕೇಳಿಸಿಕೊಂಡ. ಸ್ಕ್ರೂಡ್ರೈವರ್ ಚಾಚಿದರೆ ತೆಗೆದುಕೊಳ್ಳಲಿಲ್ಲ. ಮೂಲೆಯಿಂದ ಒಂದು ಮಾರು ರಬ್ಬರ್ ಪೈಪ್ ತಂದು ಒಂದು ತುದಿ ಕಿವಿಗಿಟ್ಟುಕೊಂಡು ಇನ್ನೊಂದನ್ನು ಎಂಜಿನ್ನಿನ ಸುತ್ತ ಆಡಿಸಿದ.

“ಯಜಮಾನ್ರೇ, ಅದು ಕಬ್ಬಿಣದ ಸದ್ದು ಕೇಳೋಕೆ. ಇದು ಗಾಳಿ ಸದ್ದು.”

ಪೈಪನ್ನು ನನ್ನ ಕಿವಿಗೂ ಕೊಟ್ಟ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಏನಿಲ್ಲ. ಮೂರನೇ ಪ್ಲಗ್ಗಿನ ಬುಡಕ್ಕೆ ಬಂದದ್ದೇ, ಕಿವಿಯೊಳಗೆ ಉಗಿದಂತೆ ಪಚ್ ಪಚ್ ಪಚ್! ಸೋಪುನೀರು ಹಾಕಿ ನೋಡಬಹುದಲ್ಲ ಎಂದೆ. “ಬಿಸಿ ಪ್ಲಗ್ಗಿಗೆ ತಣ್ಣೀರು ಬಿದ್ರೆ ಪಿಂಗಾಣಿ ಸೀಳುತ್ತೆ ಸಾರ್” ಎನ್ನುತ್ತಲೇ ಎಂಜಿನ್ ಆಯಿಲ್ಲಿನ ಎರಡು ಹನಿ ಬುಡಕ್ಕೆ ಬಿಟ್ಟ. ಎಣ್ಣೆ ಗುಳ್ಳೆಗುಳ್ಳೆಯಾಗಿ ಎದ್ದಿತು.

ಪ್ಲಗ್ ಸಡಿಲವಾಗಿತ್ತು, ಅಷ್ಟೇ. ಸಿಲಿಂಡರಿನಲ್ಲಿ ಉರಿದ ಅನಿಲ ಪ್ರತಿ ಸಲವೂ ಪ್ಲಗ್ಗಿನ ಮರೆಯ, ಅಂದರೆ ತಿರುಪಿನ ಸುರುಳಿಗೆರೆಗಳ, ಸಂದಿಯಿಂದ ಚಿಮ್ಮುತ್ತಿತ್ತು. ಏರಿನಲ್ಲಿ ಒತ್ತಡ ಹೆಚ್ಚು, ಅದಕ್ಕೇ ಸದ್ದೂ ಹೆಚ್ಚು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಂದು ಸಿಲಿಂಡರ್ ಒಮ್ಮೆ ಉರಿಯುತ್ತದೆ. ಟಪೆಟ್ ಬಡಿಯುವುದೂ ಅದೇ ಲಯದಲ್ಲಿ, ಹಾಗಾಗಿ ತಾಳ ಹಿಡಿದು ಎಣಿಸಿದರೂ ಎರಡಕ್ಕೂ ವ್ಯತ್ಯಾಸ ಸಿಗದು. ವೈರು ಕಿತ್ತಾಗ ಉರಿಯುವುದು ನಿಂತು ಬರೀ ಕಂಪ್ರೆಶನ್ನಿನ ಗಾಳಿ ಸೋರುತ್ತಿತ್ತು, ಅದಕ್ಕೇ ಸದ್ದು ಪೂರ್ತಿ ಸಾಯದೆ ತಗ್ಗಿದ್ದು. ದೊಡ್ಡಪ್ಪನ ಪರೀಕ್ಷೆ ಯಾವ ಸಿಲಿಂಡರ್ ಎಂಬುದನ್ನು ಸರಿಯಾಗೇ ಹೇಳಿತ್ತು. ಅದರೊಳಗಿನ ಯಾವ ಭಾಗ ಎಂಬುದು ಅದು ಹೇಳುವ ಸಂಗತಿಯೇ ಅಲ್ಲ.

ಎಂಜಿನ್ ಆರುವ ತನಕ ನೀರುದೋಸೆ ತಿಂದು ಬಂದೆವು. ಪ್ಲಗ್ ಬಿಚ್ಚಿದಾಗ ಅದರ ವಾಷರ್ ಒಂದು ಕಡೆ ಕಪ್ಪಾಗಿತ್ತು. ಮರೆ ಒರೆಸಿ, ಮೊದಲು ಬರಿಗೈಯಲ್ಲಿ ತಿರುಗಿಸಿ, ಕೊನೆಗಷ್ಟೇ ಸ್ಪ್ಯಾನರ್ ಹಾಕಿದ. ಉಳಿದ ಮೂರನ್ನೂ ಮುಟ್ಟಿ ನೋಡಿದ. ಜಾಸ್ತಿ ಬಿಗಿ ಮಾಡಿದರೆ ಮರೆ ಹೋಗುತ್ತದೆ, ಆಗ ನಿಜವಾಗಿಯೂ ಹೆಡ್ ಬಿಚ್ಚಬೇಕಾಗುತ್ತದೆ ಎಂದು ಎಚ್ಚರಿಸಿದ. ಕೇಳಿದ ದುಡ್ಡು ದೋಸೆ ಬಿಲ್ಲಿಗಿಂತ ಕಮ್ಮಿ. ದೊಡ್ಡಪ್ಪ ಹೆಚ್ಚಿಗೆ ಕೊಟ್ಟು, ಆ ರಬ್ಬರ್ ಪೈಪಿನಲ್ಲಿ ಒಂದು ತುಂಡನ್ನೂ ಕತ್ತರಿಸಿ ಇಸಿದುಕೊಂಡರು.

ಮೂಡಿಗೆರೆ ದಾಟಿದ ಮೇಲೆ ಒಂದು ಏರಿನಲ್ಲಿ ಬೇಕೆಂದೇ ಗೇರು ಇಳಿಸದೆ ಆಕ್ಸಲರೇಟರ್ ಒತ್ತಿ ಹಿಡಿದರು. ಚಟ್ ಎನ್ನಲಿಲ್ಲ. ಬೇಲೂರಿನಲ್ಲಿ ನಿಲ್ಲಿಸಿ ಪ್ಲಗ್ ಇನ್ನೊಮ್ಮೆ ನೋಡಿದೆವು, ಬಿಗಿಯಾಗೇ ಇತ್ತು. ವಾಷರ್ ಮಾತ್ರ ಹಾಸನದಲ್ಲಿ ಹೊಸದು ಹಾಕಿಸಬೇಕು.